ತಮ್ಮದೇ ಮನೆಗೆ ನೆಂಟರಾಗಿ ಬಂದ ಹಮೀದಾಕ

ನಿನ್ನೆ ಇಡೀ ದಿನ ಧೂಳಿನ ಗಾಳಿ ಬೀಸಿತು. ಕುವೈತ್‌ನಲ್ಲಿ ಸಂಸಾರ ಮಾಡುವುದೆಂದರೆ ಅರ್ಧ ಆಯುಷ್ಯ ಧೂಳು ಒರೆಸುವುದು, ಉಳಿದರ್ಧ ಆಯುಷ್ಯ ಒರೆಸಿದ್ದನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲವಲ್ಲ ಎಂದು ಮುಖ ಊದಿಸಿಕೊಳ್ಳುವುದು. ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಿಟ್ಟರೂ ಅದು ಹೇಗೋ ಒಳಗೆ ಬರುತ್ತದೆ. ಇವತ್ತು ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಹಾಲ್‌ನ ಶೋಕೇಸಿನ ಮುಂದೆ ಕೂತೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಒಳ್ಳೆಯ ಕಪ್-ಬಸಿಗಳೆಲ್ಲ ಗಾಜಿನೊಳಗೆ, ಮನೆಯವರು ಚಾ ಕುಡಿಯುವುದು ಹಿಡಿ ಮುರಿದ ಮಗ್ಗಿನಲ್ಲಿ. ನೆಂಟರು ಬಂದರೆ ಇರಲಿ ಎಂದು ಎತ್ತಿಟ್ಟದ್ದು. ನೆಂಟರು ಈಗ ಫೋನಿನಲ್ಲೇ ಬಂದು ಫೋನಿನಲ್ಲೇ ಹೋಗುತ್ತಾರೆ, ಆ ಮಾತು ಬೇರೆ.

ನನ್ನ ಸೆಟ್ಟಿನ ಹಿಂದೆ ಒಂಟಿಯಾಗಿ ಇನ್ನೊಂದು ಕಪ್ ಇತ್ತು. ನೀಲಿ ಹೂವು, ಅಂಚಿಗೆ ಚಿನ್ನದ ಗೆರೆ, ಒಂದು ಕಡೆ ಗೆರೆ ಸವೆದು ಮಾಯವಾಗಿದೆ. ಮೂಗಿನ ಹತ್ತಿರ ಹಿಡಿದೆ, ಏಲಕ್ಕಿ ಚಾದ ವಾಸನೆ ಬಂತು. ತೊಳೆದಿಟ್ಟ ಪಿಂಗಾಣಿಗೆ ವಾಸನೆ ಎಲ್ಲಿಂದ ಬರಬೇಕು, ಅದು ನಿನ್ನ ಭ್ರಮೆ ಎಂದು ನೀವು ಹೇಳಬಹುದು. ಹೇಳಿ, ನನಗೇನೂ ಬೇಸರವಿಲ್ಲ. ಬಟ್ಟೆ ಬದಿಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಕಪ್ ಫಿಲೋಮಿನಾ ಬಾಯಿಯದು. ನಮ್ಮ ಮಂಗಳೂರಿನ ಕಡೆಯ ಕೊಂಕಣಿ ಕ್ರಿಸ್ತಿಯಾನಿ ಹೆಂಗಸು, ಒಂದು ಕ್ಲಿನಿಕ್ಕಿನಲ್ಲಿ ನರ್ಸು. ನಾವು ಸಾಲ್ಮಿಯಾದ ಈ ಕಟ್ಟಡಕ್ಕೆ ಬಂದಾಗ ಎದುರು ಬಾಗಿಲಿನ ಫ್ಲ್ಯಾಟಿನಲ್ಲಿ ಇದ್ದವರು ಅವರು, ಮತ್ತು ಅವರ ಗಂಡ ಹಮೀದಾಕ. ಹೌದು, ಸರಿಯಾಗಿಯೇ ಓದಿದಿರಿ. ಹಮೀದಾಕ ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಂ. ರುಮೈಥಿಯಾದಲ್ಲಿ ಕರ್ಟನ್ ಮತ್ತು ಸೋಫಾ ಹೊಲಿದುಕೊಡುವ ಅಂಗಡಿ ಇಟ್ಟಿದ್ದರು. ಲೈಸೆನ್ಸು ಕಫೀಲನ ಹೆಸರಿನಲ್ಲಿ, ಎಂದರೆ ಇಲ್ಲಿಯ ಅರಬ್ ಜವಾಬ್ದಾರನ ಹೆಸರಿನಲ್ಲಿ. ಒಳಗಿನ ಯಂತ್ರ, ಬಟ್ಟೆ, ಬೆವರು ಎಲ್ಲ ಹಮೀದಾಕನದು. ಪ್ರಾಯದ ಕಾಲದಲ್ಲಿ ಒಮ್ಮೆ ಸೋಫಾಕ್ಕೆ ಹೊಡೆಯುವ ಪಿನ್ನನ್ನು ಬೆರಳಿಗೆ ಹೊಡೆದುಕೊಂಡು ಕ್ಲಿನಿಕ್ಕಿಗೆ ಹೋದರಂತೆ. ಪಿನ್ನು ತೆಗೆದವರು ಫಿಲೋಮಿನಾ ಬಾಯಿ.

"ಬೆರಳು ಯಾವಾಗಲೋ ಗುಣವಾಗಿತ್ತು, ಆದರೂ ಇವರು ಬರುವುದು ನಿಲ್ಲಿಸ್ಲಿಲ್ಲ," ಎಂದು ಬಾಯಿ ನಗುತ್ತಿದ್ದರು. "ಗುಣವಾದ ಬೆರಳಿಗೆ ಎಷ್ಟು ಸಲ ಬ್ಯಾಂಡೇಜು ಕಟ್ಟುದು ಮಾರಾಯ್ತಿ? ಕಡೆಗೆ ಮದುವೆಯೇ ಆದೆ."

ಕ್ರಿಸ್ತಿಯಾನಿ, ಯಹೂದಿಗಳಂಥ ಗ್ರಂಥದವರ ಹೆಣ್ಣನ್ನು ಮುಸ್ಲಿಂ ಗಂಡಸು ಅವಳ ಧರ್ಮದಲ್ಲೇ ಬಿಟ್ಟು ನಿಖಾ ಮಾಡಿಕೊಳ್ಳಬಹುದು. ಇವರದೂ ಹಾಗೇ ಆಯಿತು. ಬಾಯಿಯ ಕೊರಳಿನ ಶಿಲುಬೆ ಕೊರಳಲ್ಲೇ ಉಳಿಯಿತು. ಇಲ್ಲಿ ಶುಕ್ರವಾರ ರಜೆ, ಹಾಗಾಗಿ ಇಗರ್ಜಿಯ ದೊಡ್ಡ ಪೂಜೆಯೂ ಶುಕ್ರವಾರವೇ. ಹಮೀದಾಕ ಕಾರಿನಲ್ಲಿ ಹೆಂಡತಿಯನ್ನು ಇಗರ್ಜಿಗೆ ಬಿಟ್ಟು, ತಾವು ಮಸೀದಿಗೆ ಹೋಗಿ, ವಾಪಸ್ಸು ಬರುವಾಗ ಅವರನ್ನು ಹತ್ತಿಸಿಕೊಂಡು, ದಾರಿಯಲ್ಲಿ ಮೀನು ಹಿಡಿದುಕೊಂಡು ಬರುತ್ತಿದ್ದರು. ಒಂದೇ ಪೆಟ್ರೋಲಿನಲ್ಲಿ ಎರಡು ದೇವರ ಕೆಲಸ. ಹಂದಿ ಮಾಂಸದ ವಿಷಯಕ್ಕೆ ಜಗಳ ಬಂದಿಲ್ಲವಾ ಎಂದು ನಾನು ಒಮ್ಮೆ ಬಾಯಿ ತಪ್ಪಿ ಕೇಳಿದ್ದೆ. ಕುವೈತ್‌ನಲ್ಲಿ ಅದು ಮಾರುವ ಹಾಗೇ ಇಲ್ಲವಲ್ಲ, ನಮ್ಮ ದೊಡ್ಡ ಜಗಳವನ್ನು ಸರ್ಕಾರವೇ ಮುಗಿಸಿಬಿಟ್ಟಿದೆ ಎಂದರು ಬಾಯಿ.

ಮಕ್ಕಳಾಗಲಿಲ್ಲ. ಹಮೀದಾಕನ ಕಡೆಯಿಂದ ಹತ್ತಿರದವನೆಂದರೆ ತಮ್ಮ ಇಸ್ಮಾಯಿಲ್. ಮೀನಾ ಅಬ್ದುಲ್ಲಾದಲ್ಲಿ ಒಬ್ಬ ಕಂತ್ರಾಟುದಾರನ ಕೈಕೆಳಗೆ ವೆಲ್ಡಿಂಗ್ ಕೆಲಸ, ಊರಿನಲ್ಲಿ ಹೆಂಡತಿ, ಮುಂದೆ ಮದುವೆ ಮಾಡಿಸಬೇಕಾದ ಹೆಣ್ಣುಮಕ್ಕಳು. ಶುಕ್ರವಾರ ಮಧ್ಯಾಹ್ನ ಬಂದು, ಬೆಲ್ಲೂ ಒತ್ತದೆ ಸೀದಾ ಒಳಗೆ ನುಗ್ಗಿ, ಅತ್ತಿಗೆಯ ಕೈಯ ಮೀನು ಸಾರು ಉಂಡು, ಸೋಫಾದಲ್ಲಿ ಒಂದು ನಿದ್ದೆ ತೆಗೆದು ಹೋಗುತ್ತಿದ್ದ. ಮಾತು ಬಹಳ ಕಡಿಮೆ. ಅವನಿಗೆ ಸಿಟ್ಟು ಬಂದಿದೆಯೋ ಹಸಿವಾಗಿದೆಯೋ ಎಂದು ಮುಖ ನೋಡಿ ಹೇಳಲು ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಲಿಫ್ಟ್ ಕೆಟ್ಟಿತ್ತು. ಹಮೀದಾಕ ಕರ್ಟನ್ನಿನ ಪೈಪುಗಳನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ, ನಮ್ಮ ಮಹಡಿಗೆ ಬರುವಷ್ಟರಲ್ಲಿ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ, ಸ್ಟೆಂಟು, ಎಲ್ಲ ಆಯಿತು. ಮನೆಗೆ ಬಂದ ಮೇಲೆ ನೋಡಲು ಬರುವವರ ಸಾಲು. ನಮ್ಮವರ ಕ್ರಮ ನಿಮಗೆ ಗೊತ್ತಲ್ಲ, ರೋಗಿಗೆ ಒಂದು ಚೀಲ ಸೇಬು ತರುವುದು, ಅದೇ ಸೇಬನ್ನು ಹೆಚ್ಚಿಸಿಕೊಂಡು ತಿನ್ನುತ್ತಾ ಇದೇ ರೋಗದಿಂದ ಸತ್ತವರ ಕಥೆ ಹೇಳುವುದು.

ಹಾಗೆ ಬಂದ ಊರಿನ ಮಹಾಶಯರೊಬ್ಬರು, ಹೆಸರು ಬೇಡ ಬಿಡಿ, ಪಾಪ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. "ಬ್ಯಾರಿಗಳೇ, ನೀವು ಸ್ವಲ್ಪ ಯೋಚನೆ ಮಾಡ್ಬೇಕು. ನಾಳೆ ನಿಮಗೆ ಏನಾದ್ರೂ ಆದ್ರೆ ಬಾಯಿಗೆ ಒಂದು ಸೂಜಿಯೂ ಬರುದಿಲ್ಲ. ಗಂಡ ಮುಸ್ಲಿಂ, ಹೆಂಡತಿ ಅಲ್ಲ ಅಂತಾದ್ರೆ ಪಾಲಿಲ್ಲ. ಎಲ್ಲ ನಿಮ್ಮ ತಮ್ಮನಿಗೆ."

ಬಾಯಿ ಆಗ ಅವರಿಗೇ ಸೇಬು ಹೆಚ್ಚುತ್ತಿದ್ದರು. ಕೈ ನಿಂತಿತು.

"ಹಾಗಾದ್ರೆ ಈ ಚೂರಿ ಕೂಡಾ ನನ್ನದಲ್ವಾ?" ಎಂದರು.

ಮಹಾಶಯರು ಸೇಬು ತಿನ್ನದೆಯೇ ಎದ್ದು ಹೋದರು. ಅವತ್ತು ಸಂಜೆ ಬಾಯಿ ನಮ್ಮ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತು ಅತ್ತರು. ನಾನು ಅವರು ಅತ್ತದ್ದನ್ನು ಅದೊಂದೇ ಸಲ ನೋಡಿದ್ದು. ಕ್ಲಿನಿಕ್ಕಿನ ಡ್ಯೂಟಿ ಮುಗಿಸಿ, ಅಂಗಡಿಗೆ ಹೋಗಿ, ರಾಶಿ ರಾಶಿ ಕರ್ಟನ್ ಹೊಲಿದ ಹೆಂಗಸು ಅವರು. ಆ ಯಂತ್ರದ ಪೆಡಲ್ಲಿಗೆ ಅವರ ಪಾದದ ಗುರುತು ಬಿದ್ದಿತ್ತು. "ಇವರಿಲ್ಲದ ಮೇಲೆ ನನಗೆ ಎಂತದೂ ಬೇಡ, ಅದು ಬೇರೆ," ಎಂದರು. "ಆದ್ರೆ ಇಷ್ಟು ವರ್ಷ ನಾನು ಇನ್ನೊಬ್ಬರ ಮನೆಯ ನೆಲ ಒರೆಸಿದ್ದಾ ಅಂತ ಆಗ್ತದೆ." ಚಾ ಮಾಡಿಕೊಟ್ಟೆ.

ಸಲಹೆಗಳು ಬರತೊಡಗಿದವು. ಅದರಲ್ಲಿ ಎಲ್ಲರಿಗೂ ಸುಲಭವೆನಿಸಿದ್ದು, ಬಾಯಿ ಮತ ಬದಲಾಯಿಸಿಬಿಡಲಿ, ಖಲಾಸ್. ಬಾಯಿ ಕಣ್ಣು ಒರೆಸಿಕೊಂಡವರು ಮತ್ತೆ ಮೊದಲಿನ ಬಾಯಿಯೇ ಆಗಿದ್ದರು. "ಒಂದು ಫ್ರಿಡ್ಜಿಗೋಸ್ಕರ ಮತ ಬದಲಾಯಿಸ್ಲಿಕ್ಕುಂಟಾ? ದೇವರಿಗೂ ಅವಮಾನ, ಫ್ರಿಡ್ಜಿಗೂ ಅವಮಾನ," ಎಂದರು. ಹಮೀದಾಕ ಮಂಚದಲ್ಲೇ ಮಲಗಿಕೊಂಡು, "ಅವಳು ಬದಲಾದ್ರೆ ನಾನು ಯಾರನ್ನು ಮದುವೆಯಾದದ್ದು?" ಎಂದು ಕೇಳಿದರು. ಆ ಸಲಹೆ ಅಲ್ಲಿಗೆ ಮುಗಿಯಿತು.

ಆಮೇಲೆ ಹಮೀದಾಕ ಉಸ್ತಾದರನ್ನು ಕರೆಸಿದರು. ಉಸ್ತಾದರೆಂದರೆ ನಮ್ಮ ಕಡೆಯವರೇ, ಇಲ್ಲಿಯ ಬ್ಯಾರಿ ಮಕ್ಕಳಿಗೆ ಕುರಾನ್ ಕಲಿಸುತ್ತಿದ್ದ ವಯಸ್ಸಾದ ಗುರುಗಳು, ಬಿಳಿ ಗಡ್ಡ, ತಮಾಷೆಯ ಕಣ್ಣು. ಚಾಕ್ಕೆ ಸಕ್ಕರೆ ಜಾಸ್ತಿ ಕೇಳುವವರು. ಅವರು ಹೇಳಿದ್ದನ್ನು ನಾನು ಬಾಗಿಲ ಹತ್ತಿರ ನಿಂತು ಕೇಳಿದೆ. ಕೇಳಬಾರದಿತ್ತು ಅಂತಿದ್ದರೆ ಬಾಗಿಲು ಹಾಕಿಕೊಳ್ಳಬೇಕಿತ್ತು.

"ಅವರು ಹೇಳಿದ್ದು ಸುಳ್ಳಲ್ಲ," ಎಂದರು ಉಸ್ತಾದರು. "ಧರ್ಮ ಬೇರೆಯಾದ್ರೆ ಪಾಲಿಲ್ಲ. ಆದ್ರೆ ಪಾಲಿಲ್ಲದವರಿಗೆ ವಸಿಯತ್ ಮಾಡ್ಬಹುದು, ನನ್ನ ನಂತರ ಇಷ್ಟು ಇವರಿಗೆ ಅಂತ. ಮೂರರಲ್ಲಿ ಒಂದು ಅಂಶದವರೆಗೆ. ಪಾಲು ಇರುವವರಿಗೆ, ಉಳಿದವರು ಒಪ್ಪದೆ ಹಾಗೆ ಮಾಡ್ಲಿಕ್ಕೆ ಬರುದಿಲ್ಲ."

"ನಾನು ಮುಸ್ಲಿಂ ಆಗಿದ್ರೆ ಎಷ್ಟು ಪಾಲು ಸಿಗ್ತಿತ್ತು ಉಸ್ತಾದ್?" ಎಂದು ಕೇಳಿದರು ಬಾಯಿ.

"ಮಕ್ಕಳಿಲ್ಲದ ಹೆಂಡತಿಗೆ ನಾಲ್ಕರಲ್ಲಿ ಒಂದು."

ಬಾಯಿ ಬೆರಳು ಮಡಚಿ ಲೆಕ್ಕ ಹಾಕಿದರು. "ಮೂರರಲ್ಲಿ ಒಂದು ಜಾಸ್ತಿ ಅಲ್ವಾ? ಮತ್ತೆ ಎಂತಕ್ಕೆ ಎಲ್ಲರೂ ನನಗೆ ಬೋಧನೆ ಮಾಡಿದ್ದು?"

ಉಸ್ತಾದರು ಗಡ್ಡ ನೀವಿಕೊಳ್ಳುತ್ತಾ ನಕ್ಕರು. ಇನ್ನೊಂದು ದಾರಿಯೂ ಉಂಟು ಎಂದರು. ಬದುಕಿರುವಾಗ ಕೈಯಾರೆ ಕೊಟ್ಟದ್ದಕ್ಕೆ ಯಾವ ಮಿತಿಯೂ ಇಲ್ಲ, ಅದು ದಾನ, ಹಿಬಾ. ಆದರೆ ಎರಡು ಮಾತು. ಒಂದು, ಗಟ್ಟಿಮುಟ್ಟಾಗಿದ್ದು ಕೊಡಬೇಕು. ಸಾಯುವ ಹಾಸಿಗೆಯಲ್ಲಿ ಕೊಟ್ಟರೆ ಅದೂ ಮೂರರ ಲೆಕ್ಕಕ್ಕೇ ಹೋಗುತ್ತದೆ. ಇನ್ನೊಂದು, ನಿಜವಾಗಿಯೂ ಒಪ್ಪಿಸಬೇಕು. ಕೊಟ್ಟೆ ಎಂದು ಬಾಯಲ್ಲಿ ಹೇಳಿ ತಾನೇ ಅದರ ಮೇಲೆ ಕೂತಿದ್ದರೆ ಅದು ಕೊಟ್ಟ ಹಾಗಲ್ಲ.

ಹಮೀದಾಕ ಮಂಚದಿಂದ ಎದ್ದು ಕೂತರು. ಮರುದಿನದಿಂದಲೇ ಗಂಡಹೆಂಡಿರು ಸಾಲ್ಮಿಯಾದ ಕಡಲ ಬದಿಯಲ್ಲಿ ವಾಕಿಂಗ್ ಶುರುಮಾಡಿದರು. ಬಿರಿಯಾನಿ ಬಂದ್, ಬೀಡಿ ಬಂದ್. ಹಮೀದಾಕ ಸುಸ್ತಾಗಿ ಬೆಂಚು ಹುಡುಕಿದರೆ ಬಾಯಿ ಬಿಡುತ್ತಿರಲಿಲ್ಲ. "ನಡೀರಿ, ಕೊಡ್ಲಿಕ್ಕಾದ್ರೂ ಗಟ್ಟಿ ಇರ್ಬೇಕಲ್ಲ," ಎಂದು ಎಬ್ಬಿಸುತ್ತಿದ್ದರು. ಆಸ್ತಿ ಕೊಡುವುದಕ್ಕಾಗಿ ಆರೋಗ್ಯ ಸುಧಾರಿಸಿಕೊಂಡ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ಚಳಿಗಾಲ ಬರುವಷ್ಟರಲ್ಲಿ ಡಾಕ್ಟರು, ಇನ್ನು ನೀವು ಆರಾಮ, ಮೊದಲಿಗಿಂತ ಚೆನ್ನಾಗಿದ್ದೀರಿ ಎಂದರು.

ಆ ಶುಕ್ರವಾರ ಪೂಜೆ, ನಮಾಜು ಎರಡೂ ಮುಗಿದ ಮೇಲೆ ನಮ್ಮನ್ನೆಲ್ಲ ಕರೆದರು. ಉಸ್ತಾದರು, ಇಸ್ಮಾಯಿಲ್, ನಮ್ಮವರು ಎಂದರೆ ನನ್ನ ಗಂಡ, ನಾನು. ಇಸ್ಮಾಯಿಲ್‌ನನ್ನು ಯಾಕೆ ಕರೆದದ್ದು ಎಂದು ನಮ್ಮವರು ನನ್ನ ಕಿವಿಯಲ್ಲಿ ಕೇಳಿದರು. ಕಳೆದುಕೊಳ್ಳುವವನು ಅವನೇ ಅಲ್ಲವೇ. ಆದರೆ ಹಮೀದಾಕ ಹಟ ಹಿಡಿದಿದ್ದರು. ಕದ್ದು ಕೊಟ್ಟದ್ದಲ್ಲ, ತಮ್ಮನ ಕಣ್ಣೆದುರೇ ಕೊಡುತ್ತೇನೆ ಎಂದಿದ್ದರು.

ಉಸ್ತಾದರು ಹೇಳಿದ ಎರಡನೆಯ ಮಾತನ್ನು ಹಮೀದಾಕ ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂದು ನಮಗೆ ತಿಳಿದದ್ದು ಆಗಲೇ. ಒಂದು ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಮಾತ್ರೆ, ಕನ್ನಡಕ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಮನೆಯಿಂದ ಹೊರಗೆ ಹೋಗಿ ಲಿಫ್ಟಿನ ಮುಂದೆ ನಿಂತರು, ನಾವೂ ಹಿಂದೆಯೇ ಹೋದೆವು. ಮನೆಯ ಕೀ, ಕಾರಿನ ಕೀ, ಅಂಗಡಿಯ ಕೀ, ಮೂರನ್ನೂ ಕೈಯಲ್ಲಿ ಹಿಡಿದಿದ್ದರು.

"ಈ ಮನೆಯ ಒಳಗಿರುವ ನನ್ನ ಸಾಮಾನು, ಕೆಳಗಿರುವ ಕಾರು, ಅಂಗಡಿಯ ಯಂತ್ರ ಮತ್ತು ಬಟ್ಟೆ, ಎಲ್ಲ ಇವಳಿಗೆ ಕೊಟ್ಟೆ," ಎಂದರು.

"ಹೊಲಿಗೆ ಯಂತ್ರ ಕೂಡಾ?" ಎಂದ ಇಸ್ಮಾಯಿಲ್. ಅವನು ಅವತ್ತು ಆಡಿದ್ದು ಅದೊಂದೇ ಮಾತು.

"ಅದನ್ನು ತುಳಿಯುವವಳು ಅವಳೇ ಅಲ್ವಾ," ಎಂದರು ಹಮೀದಾಕ. ಅವನು ತಲೆ ತಗ್ಗಿಸಿದ.

ಬಾಯಿ ಕೀಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಉಟ್ಟುಕೊಂಡ ಲುಂಗಿಯೂ ನನ್ನದೇ ಲೆಕ್ಕಕ್ಕಾ ಎಂದು ಕೇಳಿದರು. ಬೇಡ, ಅದು ಅವರಿಗೇ ಇರಲಿ, ಮರ್ಯಾದೆ ಪ್ರಶ್ನೆ ಎಂದರು ಉಸ್ತಾದರು. ಬಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಎಲ್ಲ ಸರಿ, ಆದರೆ ಅದೇ ಹೊತ್ತಿಗೆ ಕಟ್ಟಡದ ಕಾವಲಿನ ಹಾರಿಸ್, ಈಜಿಪ್ಟಿನ ಮುದುಕ, ಮೆಟ್ಟಿಲು ಹತ್ತಿ ಬಂದ. ಬ್ಯಾಗು ಹಿಡಿದು ಮುಚ್ಚಿದ ಬಾಗಿಲ ಮುಂದೆ ನಿಂತ ಹಮೀದಾಕನನ್ನು ನೋಡಿದ, ಸುತ್ತ ಸಪ್ಪೆ ಮುಖ ಮಾಡಿಕೊಂಡು ನಿಂತ ನಮ್ಮನ್ನು ನೋಡಿದ, ಎಲ್ಲ ಅರ್ಥವಾದವನ ಹಾಗೆ ನಿಟ್ಟುಸಿರು ಬಿಟ್ಟ. "ಮಾಲೇಶ್, ಮಾಲೇಶ್," ಎಂದು ಬೆನ್ನು ತಟ್ಟಿ, ಇರಲಿ ಬಿಡು, ಹೆಂಗಸರ ಕೋಪ ಎರಡು ದಿನ, ಅಲ್ಲಿಯವರೆಗೆ ನನ್ನ ರೂಮಿನಲ್ಲಿ ಮಲಗು ಎಂದು ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟ. ಅವನ ಕೈಯಿಂದ ಬ್ಯಾಗು ಬಿಡಿಸಿಕೊಳ್ಳಲು ಉಸ್ತಾದರು ತಮ್ಮ ಅರಬಿಯನ್ನೆಲ್ಲ ಖರ್ಚು ಮಾಡಬೇಕಾಯಿತು. ಆದರೂ ಸುದ್ದಿ ಆಗಲೇ ಕೆಳಗಿಳಿದಾಗಿತ್ತು. ಆಟವಾಡಲು ಹೋಗಿದ್ದ ನನ್ನ ಮಗಳು ಓಡಿ ಬಂದು, "ಅಮ್ಮಾ, ವೈ ಡಿಡ್ ಆಂಟಿ ಥ್ರೋ ಅಂಕಲ್ ಔಟ್?" ಎಂದು ಕೇಳಿದಳು.

ಹಮೀದಾಕ ಅಂಗಿ ಸರಿಮಾಡಿಕೊಂಡು ಬೆಲ್ ಒತ್ತಿದರು.

"ಯಾರು?" ಒಳಗಿಂದ ಬಾಯಿ.

"ನಾನು ಹಮೀದ್. ಈ ದಾರಿಯಾಗಿ ಹೋಗ್ತಾ ಇದ್ದೆ. ಒಂದು ಚಾ ಸಿಗ್ಬಹುದಾ ಅಂತ."

ಬಾಗಿಲು ತೆರೆಯಿತು. "ಬನ್ನಿ, ಕೂತ್ಕೊಳ್ಳಿ," ಎಂದರು ಬಾಯಿ, ಊರಿನಿಂದ ಬಂದವರಿಗೆ ಹೇಳುವ ಹಾಗೆ. ಹಮೀದಾಕ ತಾವೇ ಹೊಲಿದ ಸೋಫಾದ ಅಂಚಿನಲ್ಲಿ, ಮೊಣಕಾಲು ಜೋಡಿಸಿಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ಕೂತರು. ಬಾಯಿ ಶೋಕೇಸು ತೆರೆದು, ಮದುವೆಯಾದಾಗಿನಿಂದ ನೆಂಟರಿಗೆಂದೇ ಇಟ್ಟಿದ್ದ ನೀಲಿ ಹೂವಿನ ಕಪ್ಪುಗಳನ್ನು ತೆಗೆದರು. ಏಲಕ್ಕಿ ಹಾಕಿದ ಚಾ. ಹಮೀದಾಕ ಒಂದು ಗುಟುಕು ಕುಡಿದು, ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದರಲ್ಲಿ ಚಾ ಇಷ್ಟು ರುಚಿ ಅಂತ ನನಗೆ ಗೊತ್ತೇ ಇರ್ಲಿಲ್ಲ," ಎಂದರು.

ಉಸ್ತಾದರು ಎರಡನೆಯ ಕಪ್ ಚಾ ಮುಗಿಸಿ ಆರಾಮವಾಗಿ ಇನ್ನೊಂದು ಮಾತು ಹೇಳಿದರು. "ಬಾಯಿ, ಒಂದು ನೆನಪಿರ್ಲಿ. ಈ ಪಾಲಿಲ್ಲ ಅನ್ನುದು ಎರಡೂ ಕಡೆಗೆ. ನೀವು ಮೊದಲು ಹೋದ್ರೆ ಇವರಿಗೂ ನಿಮ್ಮಿಂದ ಪಾಲಿಲ್ಲ."

ಎಲ್ಲರೂ ಮುಖ ಮುಖ ನೋಡಿಕೊಂಡೆವು. ಇದು ಯಾರ ತಲೆಗೂ ಹೊಳೆದಿರಲಿಲ್ಲ. ಬರಿಗೈ ಮಾಡಿಕೊಂಡು ನೆಂಟನ ಹಾಗೆ ಕೂತಿದ್ದ ಮನುಷ್ಯ ಚಾ ಕುಡಿಯುವುದನ್ನೇ ನಿಲ್ಲಿಸಿದರು.

"ಅಂದ್ರೆ ನಾನೀಗ ಸಾಯುವ ಹಾಗಿಲ್ಲ," ಎಂದರು ಬಾಯಿ.

"ಅದಕ್ಕೇ ಅಲ್ವಾ ಕೊಟ್ಟದ್ದು," ಎಂದರು ಹಮೀದಾಕ.

ನಾವು ನಕ್ಕದ್ದೇ ನಕ್ಕದ್ದು. ತಮ್ಮ ಕ್ರಿಸ್ತಿಯಾನಿ ಕಾನೂನಿನಲ್ಲಿ ಯಾರ ಹೆಸರಿಗೆ ಬೇಕಾದರೂ ಉಯಿಲು ಬರೆಯಬಹುದೆಂದು ಬಾಯಿಗೆ ಆಮೇಲೆ ತಿಳಿಯಿತು, ಗಂಡನ ಹೆಸರಿಗೆ ಬರೆದೂ ಇಟ್ಟರು. ಆದರೆ ಬಹಳ ದಿನ ಅದನ್ನು ಹೇಳದೆ, ಸರಿಯಾಗಿ ನಡೆದುಕೊಂಡರೆ ನೋಡೋಣ ಎಂದು ಹಮೀದಾಕನನ್ನು ಆಟವಾಡಿಸಿದರು.

ಆ ರಾತ್ರಿ ನನಗೆ ನನ್ನ ಅಜ್ಜಿಯ ನೆನಪು ಬಂತು. ನಮ್ಮದು ತುಳುನಾಡಿನ ಅಳಿಯಸಂತಾನದ ಮನೆತನ. ನಮ್ಮ ಹಳೆಯ ಕಟ್ಟಿನಲ್ಲಿ ಗಂಡನ ಆಸ್ತಿ ಅವನ ಅಕ್ಕತಂಗಿಯರ ಮಕ್ಕಳಿಗೆ, ಹೆಂಡತಿಗಲ್ಲ. ಧರ್ಮ ಬೇರೆ ಇರಬೇಕೆಂದೂ ಇರಲಿಲ್ಲ, ಒಂದೇ ದೈವಕ್ಕೆ ಕೈಮುಗಿದರೂ ಅಷ್ಟೇ. ಅಜ್ಜಿ ಕಡೆಯವರೆಗೂ ತನ್ನ ತಾಯಿಮನೆಯಲ್ಲೇ ಇದ್ದವಳು, ಅಜ್ಜ ತನ್ನ ಮನೆಯಿಂದ ಬಂದು ಹೋಗುತ್ತಿದ್ದವರು. ಅಜ್ಜನಿಂದ ನಿನಗೆ ಏನೂ ಸಿಗಲಿಲ್ಲವಾ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಅಜ್ಜಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವರು ಅಂಗಳಕ್ಕೆ ಬಂದ ಕೂಡ್ಲೆ ಬೆಲ್ಲ ನೀರು ಕೊಡ್ತಿದ್ದೆ," ಎಂದಳು. "ಒಂದು ದಿನ ತಪ್ಪಿಸ್ಲಿಲ್ಲ." ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿಲ್ಲವೆಂದು ನಾನು ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ.

ಅಂದಿನಿಂದ ಹಮೀದಾಕ ನೀಲಿ ಹೂವಿನ ಕಪ್ ಬಿಟ್ಟು ಬೇರೆಯದರಲ್ಲಿ ಚಾ ಮುಟ್ಟಲಿಲ್ಲ. ನಾನು ಈ ಮನೆಯ ನೆಂಟ, ನೆಂಟರ ಮರ್ಯಾದೆ ಬೇಕು ಎನ್ನುತ್ತಿದ್ದರು. ಕಾರು ತೆಗೆಯುವ ಮೊದಲು, "ಯಜಮಾನ್ತಿ, ಸೂಕ್ ಮಾರ್ಕೆಟಿಗೆ ಹೋಗಿ ಬರ್ಲಾ?" ಎಂದು ಕಾರಿಡಾರಿಗೆಲ್ಲ ಕೇಳುವ ಹಾಗೆ ಅಪ್ಪಣೆ ಕೇಳುತ್ತಿದ್ದರು. "ಪೆಟ್ರೋಲು ಹಾಕಿಸಿ ತಂದಿಡಿ," ಎಂದು ಬಾಯಿಯೂ ಗತ್ತಿನಲ್ಲೇ ಹೇಳುತ್ತಿದ್ದರು. ಹೀಗೆ ಎಷ್ಟೋ ವರ್ಷ ನಡೆಯಿತು. ಇಸ್ಮಾಯಿಲ್ ಮಾತ್ರ ಆಮೇಲೆ ಶುಕ್ರವಾರ ಬರುವುದು ಕಡಿಮೆಯಾಯಿತು. ಬಂದರೂ ಬೇಗ ಹೊರಡುತ್ತಿದ್ದ. ಅವನ ಪಾಲಿನ ಮೀನನ್ನು ಬಾಯಿ ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದರು.

ಎರಡು ವರ್ಷದ ಹಿಂದೆ ಹಮೀದಾಕ ಹೋದರು. ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ. ಇಲ್ಲೇ ಮಣ್ಣು ಮಾಡಿದರು. ಗಂಡಸರೆಲ್ಲ ದಫನಕ್ಕೆ ಹೋಗಿದ್ದಾಗ ಮನೆಯಲ್ಲಿ ಹೆಂಗಸರು ತುಂಬಿದ್ದೆವು. ಬಾಗಿಲು ದೊಡ್ಡದಾಗಿ ತೆರೆದಿತ್ತು, ಚಪ್ಪಲಿಗಳು ಲಿಫ್ಟಿನವರೆಗೆ. ಇನ್ನು ತಮ್ಮ ಬಂದು ಅಂಗಡಿಗೆ ಬೀಗ ಹಾಕಿದರೆ ಈ ಹೆಂಗಸು ಏನು ಮಾಡಿಯಾಳು, ಬಾಯಿಮಾತಿನಲ್ಲಿ ಕೊಟ್ಟದ್ದು ಯಾರು ಕೇಳುತ್ತಾರೆ ಎಂದು ಒಬ್ಬರು ಪಿಸುಗುಟ್ಟಿದರು. ಬಾಯಿಗೂ ಕೇಳಿಸಿತು. ಅವರು ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಕೀಗೊಂಚಲನ್ನು ಮುಟ್ಟಿ ನೋಡಿಕೊಂಡರು. ಸುಳ್ಳು ಯಾಕೆ, ನನಗೂ ಹೆದರಿಕೆಯಾಗಿತ್ತು.

ಗಂಡಸರು ವಾಪಸ್ಸಾದರು. ಬಂದವರು ಬಂದ ಹಾಗೆ ಒಳಗೆ ನಡೆದರು. ಕೊನೆಗೆ ಇಸ್ಮಾಯಿಲ್ ಬಂದ. ಕೈಯಲ್ಲಿ ಇನ್ನೂ ಮಣ್ಣಿತ್ತು. ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟು, ಅಲ್ಲೇ ನಿಂತ. ಬಾಗಿಲು ತೆರೆದೇ ಇತ್ತು, ಅಷ್ಟು ವರ್ಷ ಅವನು ಆ ಮನೆಯ ಬೆಲ್ ಒತ್ತಿದವನೇ ಅಲ್ಲ. ಕೈ ಎತ್ತಿ ಬೆಲ್ ಒತ್ತಿದ.

ಬಾಯಿ ಎದ್ದು ಬಾಗಿಲಿಗೆ ಬಂದರು.

"ಅತ್ತಿಗೆ, ಒಳಗೆ ಬರ್ಬಹುದಾ?" ಎಂದ.

ಬಾಯಿ ಅವನ ಮುಖ ನೋಡಿದರು, ಆಮೇಲೆ ಅವನ ಕೈ ನೋಡಿದರು. "ಕೈ ತೊಳ್ಕೊಂಡು ಕೂತ್ಕೋ," ಎಂದರು. ಒಳಗೆ ಹೋಗಿ ನೀಲಿ ಹೂವಿನ ಕಪ್ಪಿನಲ್ಲಿ ಚಾ ತಂದು ಅವನ ಕೈಗೆ ಕೊಟ್ಟರು. ಅವನು ಅದನ್ನು ಹಿಡಿದುಕೊಂಡು ಅತ್ತ. ನಾವೆಲ್ಲ ಅತ್ತೆವು, ಉಸ್ತಾದರೂ ಅತ್ತರು.

ಈಗ ಬಾಯಿ ರುಮೈಥಿಯಾದಲ್ಲಿ ಅಂಗಡಿಯ ಹತ್ತಿರ ಸಣ್ಣ ಮನೆಗೆ ಹೋಗಿದ್ದಾರೆ. ವೆಲ್ಡಿಂಗ್ ಬಿಟ್ಟ ಇಸ್ಮಾಯಿಲ್ ಅಂಗಡಿಯಲ್ಲಿ ಸೋಫಾದ ಕೆಲಸ ನೋಡಿಕೊಳ್ಳುತ್ತಾನೆ, ಕರ್ಟನ್ ಬಾಯಿಯದೇ. ಅವನ ಹೆಣ್ಣುಮಕ್ಕಳ ಮದುವೆಗೆ ಬಾಯಿ ಮುಂದೆ ನಿಂತರು. ಶುಕ್ರವಾರ ಇಸ್ಮಾಯಿಲ್ ಕೀ ಕೇಳಿ ಪಡೆದು, ಅತ್ತಿಗೆಯನ್ನು ಇಗರ್ಜಿಗೆ ಬಿಟ್ಟು ಮಸೀದಿಗೆ ಹೋಗುತ್ತಾನೆ, ವಾಪಸ್ಸು ಬರುವಾಗ ಮೀನು. ಮನೆ ಖಾಲಿ ಮಾಡುವ ದಿನ ಬಾಯಿ ನನ್ನನ್ನು ಕರೆದು, "ಕೈ ಚಾಚು ಮಾರಾಯ್ತಿ, ಕೈಗೆ ಕೊಟ್ರೆ ಮಾತ್ರ ಕೊಟ್ಟ ಹಾಗೆ," ಎಂದು ಈ ಕಪ್ ಕೊಟ್ಟರು. ಚಿನ್ನದ ಗೆರೆ ಸವೆದದ್ದು ಹಮೀದಾಕನ ತುಟಿ ತಾಗುತ್ತಿದ್ದ ಕಡೆ.

ಇಷ್ಟು ನೆನಪಾಗುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು, ಧೂಳು ಹಾಗೆಯೇ ಇತ್ತು. ಬಾಯಿಯ ಕಪ್ಪನ್ನು ಒರೆಸಿ ಜಾಗಕ್ಕೆ ಇಟ್ಟೆ. ನನ್ನ ಸೆಟ್ಟನ್ನು ಮಾತ್ರ ಹೊರಗೆ ತೆಗೆದು ತೊಳೆದೆ, ತೊಳೆದದ್ದು ಮದುವೆಯಾದ ಮೇಲೆ ಎಷ್ಟನೆಯ ಸಲವೋ, ಉಪಯೋಗಿಸಿದ್ದು ಎರಡೋ ಮೂರೋ ಸಲ. ಹಿಡಿ ಮುರಿದ ಮಗ್ಗನ್ನು ಕಸಕ್ಕೆ ಹಾಕಿದೆ. ಚಾಕ್ಕೆ ಏಲಕ್ಕಿ ಜಜ್ಜಿದೆ.

ಸಂಜೆ ನಮ್ಮವರು ಆಫೀಸಿನಿಂದ ಬಂದರು. ತಲೆಯ ಮೇಲೆಲ್ಲ ಧೂಳು. ಮೇಜಿನ ಮೇಲೆ ಬಸಿ ಸಮೇತ ಒಳ್ಳೆಯ ಕಪ್ಪುಗಳನ್ನು ನೋಡಿ ಬಾಗಿಲಲ್ಲೇ ನಿಂತರು, ದನಿ ತಗ್ಗಿಸಿದರು.

"ಯಾರು ಬಂದದ್ದು?"

"ನೀವು," ಎಂದೆ. "ಬನ್ನಿ, ಕೂತ್ಕೊಳ್ಳಿ."